ನಿಂಬೆಹಣ್ಣು ನಿಂತ ಗಾಡಿ

"ಗುರುಗಳೇ, ಒಳ್ಳೆಯ ಗುರುವನ್ನು ಆರಿಸುವುದು ಹೇಗೆ?"

ಕೇಳಿದವನು ತಿಪ್ಪೇಶ. ಕೇಳಿದ್ದು ಗುರುಗಳನ್ನೇ. ಹೋಟೆಲಿನಲ್ಲಿ ಕುಳಿತು ಅರ್ಧ ದೋಸೆ ತಿಂದು, ಈ ಊರಿನಲ್ಲಿ ಒಳ್ಳೆಯ ದೋಸೆ ಎಲ್ಲಿ ಸಿಗುತ್ತದೆ ಎಂದು ಮಾಲೀಕನನ್ನೇ ಕೇಳಿದ ಹಾಗಾಯಿತು. ಮಠದ ಜಗಲಿಯ ಮೇಲೆ ಕುಳಿತಿದ್ದ ನಾವೆಲ್ಲ ಉಸಿರು ಬಿಗಿಹಿಡಿದೆವು. ಹಾಲಸ್ವಾಮಿ ಎಂಬ ಹಿರಿಯ ಶಿಷ್ಯ ಮಾತ್ರ ತಲೆಯಾಡಿಸಿದ. ಅವನು ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆ. ಒಮ್ಮೆ ಮಠದ ಹಸು ಕೂಗಿದಾಗಲೂ ಆಡಿಸಿದ್ದ.

ತಿಪ್ಪೇಶನ ಚೀಲ ಕಂಬಕ್ಕೆ ಒರಗಿ ಕುಳಿತಿತ್ತು. ಬೆಳಿಗ್ಗೆಯೇ ಕಟ್ಟಿಟ್ಟಿದ್ದ. ಗುರುಗಳ ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಮಧ್ಯಾಹ್ನದ ಬಸ್ಸಿಗೆ ಹೊಳೆದಂಡೆಯ ಮಠಕ್ಕೆ ಹೋಗುವುದು ಎಂದು ತೀರ್ಮಾನಿಸಿದ್ದ. ಹೋದರೆ ಮತ್ತೆ ಬರುವಂತಿಲ್ಲ. ಒಂದು ಮಠ ಬಿಟ್ಟವನನ್ನು ಅದೇ ಮಠ ಮತ್ತೆ ಸೇರಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಇಲ್ಲ.

ಅವನಿಗೆ ಈ ಯೋಚನೆ ಬರಲು ಕಾರಣವಿತ್ತು. ಹೊಳೆದಂಡೆಯ ಸ್ವಾಮಿಗಳು ಯಾರ ಮೇಲೂ ರೇಗುವುದಿಲ್ಲ. ಹಾಲು ಹೇಗೇ ಇರಲಿ, ನಗುನಗುತ್ತಾ ಕುಡಿದುಬಿಡುತ್ತಾರೆ. ತಿಪ್ಪೇಶ ಒಂದು ಹುಣ್ಣಿಮೆಗೆ ಅಲ್ಲಿಗೆ ಹೋಗಿ ಇದನ್ನು ಕಣ್ಣಾರೆ ನೋಡಿ ಬಂದಿದ್ದ. ನಮ್ಮ ಗುರುಗಳು ಹಾಗಲ್ಲ. ಚಾಪೆ ಸೊಟ್ಟಗೆ ಹಾಸಿದರೆ ಸಿಡುಕು. ಗಂಟೆ ಜೋರಾಗಿ ಹೊಡೆದರೆ ಸಿಡುಕು, ಮೆಲ್ಲಗೆ ಹೊಡೆದರೂ ಸಿಡುಕು. ಕಳೆದ ವಾರ ಯಾರೋ ಅವರ ಹಾಲಿಗೆ ಸಕ್ಕರೆಯ ಬದಲು ಉಪ್ಪು ಹಾಕಿದ್ದರು. ಗುರುಗಳು ಕೂಗಾಡಿದ್ದಕ್ಕೆ ಗೋಪುರದ ಪಾರಿವಾಳಗಳು ಹಾರಿಹೋಗಿ ಸಂಜೆಗೆ ವಾಪಸ್ ಬಂದವು. ಉಪ್ಪು ಹಾಕಿದವರು ಯಾರೆಂದು ಮಾತ್ರ ತಿಳಿಯಲಿಲ್ಲ.

ಗುರುಗಳು ತಣ್ಣಗಿದ್ದದ್ದನ್ನು ನಾವು ನೋಡಿದ್ದು ಒಂದೇ ಸಲ. ಮಠದ ಅಡುಗೆಮನೆಗೆ ಬೆಂಕಿ ಬಿದ್ದ ದಿನ. ಅಂದು ನಾವೆಲ್ಲ ಬಾಯಿ ಬಡಿದುಕೊಂಡು ಓಡಾಡುತ್ತಿದ್ದೆವು. ಗುರುಗಳು ಮೆಲ್ಲಗೆ, "ಹಸು ಬಿಚ್ಚಿ. ಆಮೇಲೆ ಅಕ್ಕಿ" ಎಂದರು. ಹೊಗೆಯೊಳಗೆ ತಾವೇ ಹೋಗಿ, ಉಗ್ರಾಣದ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ತಿಪ್ಪೇಶನನ್ನು ಕಿವಿ ಹಿಡಿದು ಹೊರಗೆ ತಂದರು. ಮರುದಿನ ಪಾತ್ರೆ ಸುಟ್ಟದ್ದಕ್ಕೆ ಅದೇ ಕಿವಿ ಹಿಡಿದು ಬೈದರು.

ಈಗ ಗುರುಗಳು ಕಣ್ಣು ಮುಚ್ಚಿದರು. ಧ್ಯಾನವೋ ನಿದ್ದೆಯೋ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ಬಿಟ್ಟು ತಿಪ್ಪೇಶನ ಚೀಲವನ್ನು ನೋಡಿದರು. ಇನ್ನೊಂದು ಕಣ್ಣು ಬಿಟ್ಟು ತಿಪ್ಪೇಶನನ್ನು ನೋಡಿದರು.

"ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಕತೆ ಕೇಳು" ಎಂದರು.

ಒಬ್ಬ ಗುತ್ತಿಗೆದಾರನಿದ್ದ. ಅವನ ಬಳಿ ಮಣ್ಣು ಅಗೆಯುವ ಒಂದು ಹಿಟಾಚಿ ಯಂತ್ರ ಇತ್ತು. ಕೆರೆಗಳ ಹೂಳೆತ್ತುವುದು ಅವನ ಕೆಲಸ. ಹಿಟಾಚಿ ಒಂದು ಗುಡ್ಡವನ್ನೇ ಅಗೆದು ಹಾಕಬಲ್ಲದು. ಆದರೆ ಒಂದೂರಿನಿಂದ ಇನ್ನೊಂದೂರಿಗೆ ತಾನಾಗಿ ಹೋಗಲಾರದು. ಅದರ ಕಾಲು ಕಬ್ಬಿಣದ ಪಟ್ಟಿ. ರಸ್ತೆಯ ಮೇಲೆ ನಡೆದರೆ ರಸ್ತೆಯೂ ಹಾಳು, ಕಾಲೂ ಹಾಳು. ಅದನ್ನು ಹೊತ್ತುಕೊಂಡು ಹೋಗಲು ಲೋಬೆಡ್ ಬೇಕು.

"ಲೋಬೆಡ್ ಅಂದ್ರೆ ಏನು ಗುರುಗಳೇ?" ಎಂದ ಹಾಲಸ್ವಾಮಿ. ಅಷ್ಟು ಹೊತ್ತೂ ತಲೆಯಾಡಿಸುತ್ತಲೇ ಇದ್ದ.

"ಮಂಚ ನೋಡಿದ್ದೀಯಾ?"

"ನೋಡಿದ್ದೀನಿ."

"ಹಿಟಾಚಿಯ ಮಂಚ ಅದು. ಲಾರಿ ಮುಂದೆ ಎಳೆಯುತ್ತದೆ. ಹಿಂದೆ ಗಾಲಿಗಳು ಸಾಲಾಗಿ ಇರುತ್ತವೆ. ನಡುವೆ ನೆಲಕ್ಕೆ ಹತ್ತಿರವಾಗಿ ಉದ್ದನೆಯ ಕಬ್ಬಿಣದ ಬೆನ್ನು. ಯಂತ್ರ ಹತ್ತಿ ಅದರ ಮೇಲೆ ಕೂರುತ್ತದೆ. ತಿಳಿಯಿತೇ?"

ಹಾಲಸ್ವಾಮಿ ತಲೆಯಾಡಿಸಿದ. ತಿಳಿಯಿತೋ ಇಲ್ಲವೋ ಅದರಿಂದ ಗೊತ್ತಾಗಲಿಲ್ಲ. ಮಠದ ಗುರುಗಳಿಗೆ ಲೋಬೆಡ್ಡಿನ ವಿಷಯ ಹೇಗೆ ಗೊತ್ತು ಎಂದು ಕೇಳುವ ಆಸೆ ನಮಗೆಲ್ಲ ಆಯಿತು. ಯಾರೂ ಕೇಳಲಿಲ್ಲ. ಗುರುಗಳು ಮುಂದುವರಿಸಿದರು.

ಗುತ್ತಿಗೆದಾರನ ಬಳಿ ಎಳೆಯುವ ಲಾರಿ ಇತ್ತು. ಹಿಂದೆ ಕಟ್ಟಲು ಲೋಬೆಡ್ ಇರಲಿಲ್ಲ. ಪ್ರತಿ ಸಲ ಯಾರದೋ ಲೋಬೆಡ್ಡಿಗೆ ಕಾಯಬೇಕಿತ್ತು. ಅವರು ನಾಳೆ ಎಂದರೆ ಮುಂದಿನ ವಾರ. ಮುಂದಿನ ವಾರ ಎಂದರೆ ಫೋನು ಎತ್ತುವುದಿಲ್ಲ ಎಂದು ಅರ್ಥ. ಅಷ್ಟು ದಿನವೂ ಹಿಟಾಚಿ ಹೊಲದ ಬದುವಿನಲ್ಲಿ ಸೊಂಡಿಲು ಮಡಚಿಕೊಂಡು ಮಲಗಿರುತ್ತಿತ್ತು. ಅದರ ಬಕೆಟ್ಟಿನಲ್ಲಿ ಒಂದು ಕೋಳಿ ಮೊಟ್ಟೆಯಿಟ್ಟು ಕಾವು ಕೊಟ್ಟು ಮರಿ ಮಾಡಿತು. ಅಂದು ಅವನು ಸ್ವಂತಕ್ಕೆ ಒಂದು ಹಳೆಯ ಲೋಬೆಡ್ ತರುವುದೆಂದು ನಿಶ್ಚಯಿಸಿದ.

ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು ಅವನ ಕೈಗೆ ನಿಂಬೆಹಣ್ಣುಗಳನ್ನು ಕೊಟ್ಟಳು.

"ರೀ, ಲಾರಿ ಓಡಿಸೋನು ನನ್ನ ತಮ್ಮ. ಅವನ ಬೆನ್ನ ಹಿಂದೆ ಒಂದು ಆನೆ ಕಟ್ಟಿ ಕಳಿಸ್ತೀರಾ. ಗಾಡಿ ಕೈಕೊಟ್ಟರೆ ಆನೆ ಅವನ ಮೇಲೇ ಬರೋದು. ಅದನ್ನ ಮನಸ್ಸಲ್ಲಿ ಇಟ್ಕೊಂಡು ಆರಿಸಿ."

"ನಿನ್ನ ತಮ್ಮ ನನಗೂ ತಮ್ಮನೇ ಕಣೆ" ಎಂದ ಗುತ್ತಿಗೆದಾರ. ಅದು ನಿಜವಾಗಿತ್ತು. ಆ ಹುಡುಗನಿಗೆ ಲಾರಿ ಕಲಿಸಿದವನು ಅವನೇ.

ನಿಂಬೆಹಣ್ಣು ಯಾಕೆಂದರೆ, ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾವ ಗಾಡಿ ಕೊಳ್ಳುವ ಮುಂಚೆಯೂ ಅದರ ಮೇಲೆ ಒಂದು ನಿಂಬೆಹಣ್ಣು ಇಡುವುದು. ಹಣ್ಣು ನಿಂತರೆ ಗಾಡಿ ಮನೆಯಲ್ಲಿ ನಿಲ್ಲುತ್ತದೆ. ಉರುಳಿ ಬಿದ್ದರೆ ಅದು ಮನೆಗೆ ಆಗಿಬರುವುದಿಲ್ಲ. ಅವನ ಅಪ್ಪ ಸೈಕಲ್ಲಿನ ಕ್ಯಾರಿಯರ್ ಮೇಲೆ ಇಟ್ಟಿದ್ದರು. ಇವನು ಬೈಕಿನ ಸೀಟಿನ ಮೇಲೆ ಇಟ್ಟಿದ್ದ. ಹಿಟಾಚಿಯ ಬಕೆಟ್ಟಿನೊಳಗೆ ಇಟ್ಟಿದ್ದ. ಎಲ್ಲ ಕಡೆಯೂ ನಿಂತಿತ್ತು. ಬಕೆಟ್ಟಿನೊಳಗೆ ಇಟ್ಟರೆ ಕುಂಬಳಕಾಯಿಯೂ ನಿಲ್ಲುತ್ತದೆ. ಆದರೆ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಹೆದ್ದಾರಿಯ ಪಕ್ಕ ಒಬ್ಬ ವ್ಯಾಪಾರಿಯಿದ್ದ. ಹಳೆಯ ಗಾಡಿಗಳನ್ನು ಮಾರುತ್ತಿದ್ದ. ಅವನ ಅಂಗಳದಲ್ಲಿ ಎರಡು ಲೋಬೆಡ್ಡುಗಳು ನಿಂತಿದ್ದವು. ಒಂದಕ್ಕೆ ಹೊಸದಾಗಿ ಬಣ್ಣ ಹೊಡೆದಿತ್ತು. ಅದರ ಬೆನ್ನು ನೆಟ್ಟಗೆ, ಸಪಾಟಾಗಿ ಕಾಣುತ್ತಿತ್ತು. ಇನ್ನೊಂದು ತುಕ್ಕು ಹಿಡಿದಿತ್ತು. ಅದರ ಬೆನ್ನು ನಡುವೆ ಮೇಲಕ್ಕೆ ಉಬ್ಬಿತ್ತು.

"ಇದೇನ್ರೀ ಸಾಹುಕಾರ್ರೇ, ಒಂಟೆನೂ ಮಾರ್ತೀರಾ?" ಎಂದು ಗುತ್ತಿಗೆದಾರ ನಕ್ಕ.

"ಒಂಟೆ ಏನು ಕಮ್ಮಿ ಹೊರುತ್ತಾ ಯಜಮಾನ್ರೇ?" ಎಂದ ವ್ಯಾಪಾರಿ.

"ಯಾವುದು ಒಳ್ಳೇದು, ನೀವೇ ಹೇಳಿ."

"ನಾನು ಹೇಳಿದರೆ ಇವನು ಮಾರೋಕೆ ಹೇಳ್ತಾನೆ ಅಂತೀರಿ. ಹೇಳದಿದ್ದರೆ ಮುಚ್ಚಿಟ್ಟ ಅಂತೀರಿ. ಎರಡೂ ನಿಂತಿವೆ. ಕೆಳಗೆ ನುಗ್ಗಿ ನೋಡಿ, ಮೇಲೆ ಹತ್ತಿ ನೋಡಿ. ಹೊರೆ ಹಾಕಿ ನೋಡ್ತೀನಿ ಅಂದ್ರೆ ಅದಕ್ಕೂ ಕಲ್ಲಿದೆ, ಕ್ರೇನಿದೆ. ತಿಳೀದೇ ಇದ್ದದ್ದು ಕೇಳಿ, ಹೇಳ್ತೀನಿ."

ಗುತ್ತಿಗೆದಾರ ಟೈರಿಗೆ ಒದ್ದ. ಹಳೆಯ ಗಾಡಿ ನೋಡುವಾಗ ಟೈರಿಗೆ ಒದೆಯದವರು ಇಲ್ಲ. ಒದ್ದರೆ ಏನು ತಿಳಿಯುತ್ತದೆ ಎಂದು ಒದ್ದವನಿಗೂ ಗೊತ್ತಿಲ್ಲ, ಒದೆಸಿಕೊಂಡ ಟೈರಿಗೂ ಗೊತ್ತಿಲ್ಲ. ಆಮೇಲೆ ದೀಪ ನೋಡಿದ. ಸರಪಳಿ ಕಟ್ಟುವ ಬಳೆ ಎಳೆದು ನೋಡಿದ. ಲಾರಿಗೆ ಕೂಡಿಸುವ ಗೂಟ ಸವೆದಿದೆಯೋ ಎಂದು ಬೆರಳಾಡಿಸಿದ. ಎರಡರಲ್ಲೂ ದೂರುವಂಥದ್ದೇನೂ ಸಿಗಲಿಲ್ಲ. ಹಾಗಾಗಿ ನಿಂಬೆಹಣ್ಣು ತೆಗೆದ.

ಉಬ್ಬು ಬೆನ್ನಿನ ಗಾಡಿಯ ನಡುವೆ ಹಣ್ಣು ಇಟ್ಟ. ಅದು ಒಂದು ಕ್ಷಣ ಯೋಚಿಸಿತು. ಆಮೇಲೆ ಹಿಂದಕ್ಕೆ ಉರುಳಿಕೊಂಡು ಹೋಗಿ ಕೆಸರಿಗೆ ಬಿತ್ತು. ಇನ್ನೊಂದು ಇಟ್ಟ. ಅದು ಮುಂದಕ್ಕೆ ಉರುಳಿ ಬಿತ್ತು. ವ್ಯಾಪಾರಿಯ ನಾಯಿ ಬಂದು ಮೂಸಿ, ಮುಖ ಸಿಂಡರಿಸಿ ಹೋಯಿತು.

ಬಣ್ಣದ ಗಾಡಿಯ ಮೇಲೆ ಹಣ್ಣು ಇಟ್ಟ. ಅದೂ ಉರುಳಿತು. ಆದರೆ ಬೀಳಲಿಲ್ಲ. ಸ್ವಲ್ಪ ದೂರ ಹೋಗಿ ನಟ್ಟನಡುವೆ ನಿಂತಿತು. ತುದಿಯಲ್ಲಿ ಇಟ್ಟ. ಅಲ್ಲಿಂದಲೂ ಉರುಳಿ ಬಂದು ಅದೇ ಜಾಗದಲ್ಲಿ ನಿಂತಿತು. ಇನ್ನೊಂದು ತುದಿಯಲ್ಲಿ ಇಟ್ಟ. ಮತ್ತೆ ಅಲ್ಲಿಗೇ ಬಂತು. ಮಾವನ ಮನೆಯಲ್ಲಿ ತನ್ನ ಕುರ್ಚಿ ಯಾವುದೆಂದು ಗೊತ್ತಿರುವ ಅಳಿಯನ ಹಾಗೆ ಬಂದು ಕುಳಿತಿತು.

ಗುತ್ತಿಗೆದಾರನ ಕಣ್ಣಲ್ಲಿ ನೀರು ಬಂತು. "ಎಲ್ಲಿಟ್ಟರೂ ಬಂದು ನಿಲ್ತಾ ಇದೆ ಸಾಹುಕಾರ್ರೇ! ಇಂಥದ್ದನ್ನ ನಾನು ನೋಡಿಯೇ ಇಲ್ಲ."

ವ್ಯಾಪಾರಿ ಹಣ್ಣನ್ನು ನೋಡಿದ. ಗುತ್ತಿಗೆದಾರನನ್ನು ನೋಡಿದ. "ಏನಾದರೂ ಕೇಳೋದಿದೆಯಾ ಯಜಮಾನ್ರೇ?" ಎಂದ.

"ಇನ್ನೇನು ಕೇಳೋದು? ಕೇಳೋರನ್ನ ಕೇಳಿ ಆಯ್ತಲ್ಲ" ಎಂದು ಗುತ್ತಿಗೆದಾರ ಹಣ್ಣಿಗೆ ಕೈ ಮುಗಿದ.

ಬಣ್ಣದ ಗಾಡಿ ಮನೆಗೆ ಬಂತು.

ಇಲ್ಲಿ ಗುರುಗಳು ಮಜ್ಜಿಗೆ ಕೇಳಿದರು. ಮಜ್ಜಿಗೆ ಬಂತು. ಮೊದಲು ಮೂಸಿ ನೋಡಿದರು. ಆಮೇಲೆ ನಾಲಿಗೆಯ ತುದಿಗೆ ತಾಗಿಸಿದರು. ಕಳೆದ ವಾರದಿಂದ ಅವರಿಗೆ ಈ ಅಭ್ಯಾಸ ಬಂದಿತ್ತು. ತಿಪ್ಪೇಶ ಗೋಡೆಯ ಕಡೆ ನೋಡುತ್ತಿದ್ದ.

"ಆಮೇಲೆ?" ಎಂದೆವು.

ಮನೆಯ ಮುಂದೆ ಪೂಜೆಗೆ ಗಾಡಿ ತೊಳೆದರು. ಎಲ್ಲ ಕಡೆಯ ನೀರೂ ಹರಿದುಹೋಯಿತು. ನಡುವೆ ಮಾತ್ರ ಒಂದು ಮಡುವು ನಿಂತಿತು. ನಿಂಬೆಹಣ್ಣು ನಿಂತಿದ್ದ ಜಾಗದಲ್ಲೇ ನಿಂತಿತು. ಒಂದು ಗುಬ್ಬಚ್ಚಿ ಬಂದು ಅದರಲ್ಲಿ ಮುಳುಗಿ ಎದ್ದು ರೆಕ್ಕೆ ಕೊಡವಿತು.

ಭಾವಮೈದುನ ಬಗ್ಗಿ ನೋಡಿದ. ಅವನಿಗೆ ಕಂಡದ್ದಕ್ಕೆಲ್ಲ ಕಾರಣ ಕೇಳುವ ಚಾಳಿಯಿತ್ತು.

"ಭಾವ, ನೀರು ಯಾಕೆ ಇಲ್ಲೇ ನಿಲ್ತು?"

"ಲಕ್ಷ್ಮಿ ನಿಂತಿದ್ದಾಳೆ ಕಣೋ. ನಿಂಬೆಹಣ್ಣೂ ಅಲ್ಲೇ ನಿಂತಿತ್ತು."

"ಲಕ್ಷ್ಮಿ ಸ್ನಾನಕ್ಕೆ ಕೊಳ ತೋಡಿಸಿಕೊಂಡು ಬಂದಳಾ?"

"ದೊಡ್ಡವರ ಹತ್ತಿರ ಹಲ್ಲು ಕಿರೀಬೇಡ. ಒರೆಸು."

ಒರೆಸಿದ. ಕುಂಕುಮ ಹಚ್ಚಿದರು. ಕಾಯಿ ಒಡೆದರು. ಮರುದಿನ ಹಿಟಾಚಿಯನ್ನು ಹತ್ತಿಸಿದರು. ಅದು ಹತ್ತಿ ಕೂರುತ್ತಿದ್ದಂತೆ ಗಾಡಿ ನರಳಿತು. ಬೆನ್ನು ಇನ್ನೂ ಕೆಳಗಿಳಿಯಿತು. ಭಾವಮೈದುನ ನೆಲಕ್ಕೆ ಕೆನ್ನೆ ಹಚ್ಚಿ ಅಡಿಯಲ್ಲಿ ನೋಡಿದ.

"ಭಾವ, ಹೊಟ್ಟೆಗೂ ನೆಲಕ್ಕೂ ನಡುವೆ ನನ್ನ ಚಪ್ಪಲಿ ಹೋಗುತ್ತೆ. ನಾನು ಹೋಗಲ್ಲ."

"ನಿನ್ನನ್ನ ಅದರ ಅಡಿ ಮಲಗು ಅಂದೋರು ಯಾರು? ಲೋಬೆಡ್ ಅಂದಮೇಲೆ ಕೆಳಗೇ ಇರುತ್ತೆ. ಹತ್ತು, ಹತ್ತು."

ಭಾವಮೈದುನ ಹತ್ತಿದ. ಗುತ್ತಿಗೆದಾರ ಅವನ ಪಕ್ಕ ಕುಳಿತ. ಡಾಂಬರು ರಸ್ತೆಯಲ್ಲಿ ಗಾಡಿ ಮದುವೆ ದಿಬ್ಬಣದ ಹಾಗೆ ಹೋಯಿತು. ದಾರಿಯಲ್ಲಿ ಗುತ್ತಿಗೆದಾರ ಕಿಟಕಿಯಿಂದ ಕೈ ಹೊರಗೆ ಹಾಕಿ, ಗುರುತಿದ್ದವರಿಗೂ ಇಲ್ಲದವರಿಗೂ ಬೀಸಿದ.

ಆಮೇಲೆ ರೈಲ್ವೆ ಗೇಟು ಬಂತು.

ಹಳಿ ರಸ್ತೆಗಿಂತ ಎತ್ತರದಲ್ಲಿರುತ್ತದೆ. ರಸ್ತೆ ಏರಿ, ಹಳಿ ದಾಟಿ, ಮತ್ತೆ ಇಳಿಯುತ್ತದೆ. ಲಾರಿ ಏರಿತು, ದಾಟಿತು, ಇಳಿಯಿತು. ಹಿಂದಿನ ಗಾಲಿಗಳು ಇನ್ನೂ ಏರುತ್ತಿದ್ದವು. ನಡುವೆ ಗಾಡಿಯ ಬೆನ್ನು ಹಳಿಯ ಮೇಲೆ ಕುಳಿತುಬಿಟ್ಟಿತು. ನಿಂಬೆಹಣ್ಣು ನಿಂತಿದ್ದ ಜಾಗವೇ ಸರಿಯಾಗಿ ಹಳಿಯ ಮೇಲೆ. ಲಾರಿ ಎಳೆಯಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿಡಿ ಹಾರಿತು. ಗಾಡಿ ಒಂದು ಬೆರಳಿನಷ್ಟೂ ಮುಂದೆ ಹೋಗಲಿಲ್ಲ.

ಗೇಟಿನವನು ಮನೆಯಿಂದ ಹೊರಗೆ ಬಂದ. ಗಾಡಿಯನ್ನು ನೋಡಿದ. ಒಳಗೆ ಹೋಗಿ ಕೆಂಪು ಬಾವುಟ ತೆಗೆದುಕೊಂಡು ಹಳಿಯ ಗುಂಟ ಓಡತೊಡಗಿದ. ಅವನು ಓಡಿದ್ದನ್ನು ನೋಡಿದ ಮೇಲೆ ರೈಲು ಯಾವ ಕಡೆಯಿಂದ ಬರುತ್ತದೆ ಎಂದು ಇವರು ಕೇಳಬೇಕಾಗಿರಲಿಲ್ಲ.

"ಇಳಿಯೋ! ಇಳಿದು ಓಡು!" ಎಂದು ಗುತ್ತಿಗೆದಾರ ಕೂಗಿದ.

"ನಾನು ಇಳಿದರೆ ಎಳೆಯೋರು ಯಾರು ಭಾವ?" ಎಂದ ಭಾವಮೈದುನ. ಸ್ಟಿಯರಿಂಗ್ ಬಿಡಲಿಲ್ಲ. ಅಲ್ಲಿ ನಿಂತದ್ದು ಅವನ ಅಕ್ಕನ ಮನೆಯ ಅನ್ನ. ಅದನ್ನು ಬಿಟ್ಟು ಓಡುವುದು ಅವನಿಗೆ ಗೊತ್ತಿರಲಿಲ್ಲ.

ದೂರದಲ್ಲಿ ರೈಲು ಕೂಗಿತು.

ಗುತ್ತಿಗೆದಾರನಿಗೆ ಬಾಗಿಲಲ್ಲಿ ನಿಂತ ಹೆಂಡತಿ ಕಣ್ಣ ಮುಂದೆ ಬಂದಳು. ಅವನು ಕೆಳಗೆ ಹಾರಿದ. ಊರ ಕಡೆ ಓಡಲಿಲ್ಲ. ಗಾಡಿಯ ಮೇಲೆ ಹತ್ತಿ ಹಿಟಾಚಿಯ ಸೀಟಿನಲ್ಲಿ ಕುಳಿತು ಚಾಲೂ ಮಾಡಿದ. ಅದನ್ನು ಗಾಡಿಗೆ ಬಿಗಿದಿದ್ದ ಸರಪಳಿ ಬಿಚ್ಚಲಿಲ್ಲ. ಸೊಂಡಿಲನ್ನು ರೈಲಿನ ತಂತಿಗೆ ತಾಗದಂತೆ ತಗ್ಗಾಗಿಯೇ ಹಿಂದಕ್ಕೆ ಚಾಚಿ, ಬಕೆಟ್ಟನ್ನು ರಸ್ತೆಗೆ ಊರಿ ಒತ್ತಿದ. ಮುದುಕ ಕೋಲೂರಿ ಏಳುವ ಹಾಗೆ ಹಿಟಾಚಿ ತನ್ನ ಭಾರವನ್ನು ತಾನೇ ಎತ್ತಿಕೊಂಡಿತು. ಗಾಡಿಯ ಮೇಲಿನ ತೂಕ ಇಳಿಯಿತು. ಹಳಿಗೆ ಅಂಟಿದ್ದ ಬೆನ್ನು ಎದ್ದಿತು.

"ಈಗ ಎಳಿ!"

ಭಾವಮೈದುನ ಎಳೆದ. ಹಿಂದಿನಿಂದ ಸೊಂಡಿಲು ತಳ್ಳಿತು. ಗಾಡಿ ಕಿರುಚುತ್ತಾ ಹಳಿ ದಾಟಿತು.

ಗುರುಗಳು ನಿಲ್ಲಿಸಿ ಉಳಿದ ಮಜ್ಜಿಗೆ ಕುಡಿಯತೊಡಗಿದರು. ನಿಧಾನವಾಗಿ ಕುಡಿದರು. ಹಾಲಸ್ವಾಮಿ ತಲೆಯಾಡಿಸುವುದನ್ನು ಮರೆತಿದ್ದ.

"ರೈಲು ನಿಂತಿತಾ ಗುರುಗಳೇ?" ಎಂದು ತಿಪ್ಪೇಶನೇ ಕೇಳಿದ.

"ನಿಂತಿತು."

"ಎಲ್ಲಿ?"

"ಹಳಿಯ ಮೇಲೆ. ಇನ್ನೆಲ್ಲಿ ನಿಲ್ಲುತ್ತದೆ?"

ನಾವು ನಕ್ಕೆವು. ತಿಪ್ಪೇಶ ನಗಲಿಲ್ಲ. "ಆ ಭಾವಮೈದುನ?" ಎಂದ.

ಭಾವಮೈದುನ ಬದುಕಿದ. ರಸ್ತೆಯ ಪಕ್ಕ ಕುಳಿತು ಒಂದು ಕೊಡ ನೀರು ಕುಡಿದ. ಆಮೇಲೆ ಭಾವನ ಕಡೆ ತಿರುಗಿ ಒಂದೇ ಮಾತು ಹೇಳಿದ.

"ಭಾವ, ಇವತ್ತು ಹಿಟಾಚಿ ಗಾಡಿಯನ್ನ ಹೊತ್ತಿತು. ಗಾಡಿ ಹಿಟಾಚಿಯನ್ನ ಹೊರೋ ದಿನ ನನ್ನ ಕರೀರಿ. ಅಲ್ಲಿವರೆಗೆ ನಾನು ಹತ್ತಲ್ಲ."

ಗುತ್ತಿಗೆದಾರ ಹಿಟಾಚಿಯನ್ನು ಅಲ್ಲೇ ಇಳಿಸಿದ. ಖಾಲಿ ಗಾಡಿಯನ್ನು ತಾನೇ ಎಳೆದುಕೊಂಡು, ಗೇಟಿಲ್ಲದ ಸುತ್ತುದಾರಿಯಲ್ಲಿ ವ್ಯಾಪಾರಿಯ ಬಳಿಗೆ ಹೋದ. ದಾರಿಯುದ್ದಕ್ಕೂ ಬೈಗುಳಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿಕೊಂಡ. ಕೆಲವನ್ನು ಎರಡು ಸಲ ಹೇಳಿಕೊಂಡು ಅಭ್ಯಾಸವನ್ನೂ ಮಾಡಿದ. ಆದರೆ ಅಂಗಳಕ್ಕೆ ಬಂದು ಇಳಿದಾಗ ಅವನ ಕಣ್ಣು ಉಬ್ಬು ಬೆನ್ನಿನ ಗಾಡಿಯ ಮೇಲೆ ಬಿತ್ತು. ಅದು ಇನ್ನೂ ಅಲ್ಲೇ ನಿಂತಿತ್ತು. ನೋಡಲು ಬಂದವರೆಲ್ಲ ಒಂಟೆ ಎಂದು ನಕ್ಕು ಹೋಗಿದ್ದರು.

ಬೈಗುಳ ಬಾಯಿಗೆ ಬರಲಿಲ್ಲ. ಅವನಿಗೆ ಒಂದು ಕುತೂಹಲ ಹುಟ್ಟಿತು. ಭಾವಮೈದುನನ ಹಾಗೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ. ಒಂದು ಕಣ್ಣು ಮುಚ್ಚಿ ತನ್ನ ಗಾಡಿಯ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿದ. ನಿಂತು ನೋಡಿದಾಗ ನೆಟ್ಟಗೆ ಕಂಡದ್ದು ಮಲಗಿ ನೋಡಿದಾಗ ನೆಟ್ಟಗಿರಲಿಲ್ಲ. ಹೊರೆ ಇಲ್ಲದೆಯೇ ಬಟ್ಟೆ ಒಣಹಾಕುವ ಹಗ್ಗದ ಹಾಗೆ ನಡುವೆ ಜೋತಿತ್ತು. ಎದ್ದು ಮೈ ಕೊಡವಿಕೊಂಡ.

"ಸಾಹುಕಾರ್ರೇ, ಆ ಒಂಟೆ ಮೇಲೆ ಹೊರೆ ಹಾಕಿ ನೋಡಬೇಕು."

"ಹಾಕೋಣ" ಎಂದ ವ್ಯಾಪಾರಿ.

ಪಕ್ಕದಲ್ಲಿ ಕಲ್ಲಿನ ದಿಮ್ಮಿಗಳಿದ್ದವು. ಕ್ರೇನು ಒಂದನ್ನು ಎತ್ತಿ ಉಬ್ಬು ಬೆನ್ನಿನ ಮೇಲೆ ಇಟ್ಟಿತು. ಉಬ್ಬು ಸ್ವಲ್ಪ ಇಳಿಯಿತು. ಇನ್ನೊಂದನ್ನು ಇಟ್ಟಿತು. ಇನ್ನೂ ಇಳಿಯಿತು. ಹಿಟಾಚಿಯಷ್ಟು ತೂಕ ಆಗುವಾಗ ಗುತ್ತಿಗೆದಾರ ಮತ್ತೆ ಮಲಗಿ ನೋಡಿದ. ಬೆನ್ನು ನೆಟ್ಟಗಿತ್ತು. ಹೊಟ್ಟೆಗೂ ನೆಲಕ್ಕೂ ನಡುವೆ ಚಪ್ಪಲಿ ಮಾತ್ರವಲ್ಲ, ಭಾವಮೈದುನನೂ ನುಗ್ಗಬಹುದಿತ್ತು. ಕಲ್ಲುಗಳನ್ನು ಇಳಿಸಿದರು. ಬೆನ್ನು ಮತ್ತೆ ಉಬ್ಬಿತು.

ಗುತ್ತಿಗೆದಾರ ಆ ಉಬ್ಬಿನ ಮೇಲೆ ಕೈಯಾಡಿಸಿದ.

"ಉಬ್ಬಿಸಿಯೇ ಮಾಡಿರ್ತಾರಾ?"

"ಉಬ್ಬಿಸಿಯೇ ಮಾಡಿರ್ತಾರೆ. ಹೊರೆ ಬಂದಾಗ ಇಳಿಯೋದಕ್ಕೆ ಜಾಗ ಬೇಕಲ್ಲ ಯಜಮಾನ್ರೇ. ನಿಮ್ಮದೂ ಹುಟ್ಟುವಾಗ ಹಾಗೇ ಇತ್ತು. ಯಾರೋ ಹೊರಲಾರದ್ದನ್ನ ಹೊರೆಸಿ ಬೆನ್ನು ಮುರಿದಿದ್ದಾರೆ. ಅದಕ್ಕೇ ಸುಮ್ಮನಿದ್ದಾಗ ಅಷ್ಟು ಚಂದ ಕಾಣುತ್ತೆ."

"ಹಾಗಿದ್ರೆ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ? ನನ್ನ ಭಾವಮೈದುನ ಸಾಯ್ತಿದ್ದ!"

ವ್ಯಾಪಾರಿಯ ಮುಖ ಸಣ್ಣದಾಯಿತು. "ಹೇಳಬೇಕಿತ್ತು. ತಪ್ಪು ನನ್ನದೂ ಇದೆ, ಗಾಡಿ ವಾಪಸ್ ತಗೊಳ್ತೀನಿ. ಆದರೆ ಏನಾದರೂ ಕೇಳೋದಿದೆಯಾ ಅಂದೆ. ನೀವು ನಿಂಬೆಹಣ್ಣಿಗೆ ಕೈ ಮುಗಿದಿರಿ. ನಿಂಬೆಹಣ್ಣೇನು ಸುಳ್ಳು ಹೇಳಲಿಲ್ಲ ಯಜಮಾನ್ರೇ. ಗುಂಡಿ ಇಲ್ಲಿದೆ ಅಂತ ಓಡಿ ಓಡಿ ಬಂದು ತೋರಿಸ್ತು. ನೀವು ಅದನ್ನ ಪೀಠ ಅಂದ್ಕೊಂಡಿರಿ."

ಗುತ್ತಿಗೆದಾರ ಜೇಬಿನಲ್ಲಿ ಕೈ ಹಾಕಿದ. ಒಂದು ನಿಂಬೆಹಣ್ಣು ಉಳಿದಿತ್ತು, ಸುಕ್ಕಾಗಿತ್ತು. ಪದ್ಧತಿ ಬಿಡಲಿಲ್ಲ. ಉಬ್ಬು ಬೆನ್ನಿನ ನಡುವೆ ಅದನ್ನು ಇಟ್ಟು, ಎಲ್ಲಿಗೆ ಹೋಗುತ್ತದೆ ಎಂದು ಮಗುವಿನ ಹಾಗೆ ಬಗ್ಗಿ ನೋಡುತ್ತಾ ನಿಂತ.

ಒಂಟೆ ಮನೆಗೆ ಬಂತು. ಹೆಂಡತಿ ಆರತಿ ಎತ್ತಿದಳು. ಭಾವಮೈದುನ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದ.

"ನಿಂಬೆಹಣ್ಣು ಇಟ್ಟಿರಾ ಭಾವ?"

"ಇಟ್ಟೆ."

"ನಿಂತಿತಾ?"

"ಬಿದ್ದುಹೋಯಿತು."

"ಹಾಗಿದ್ರೆ ಹತ್ತುತ್ತೀನಿ" ಎಂದು ಅವನು ಲಾರಿಯ ಬಾಗಿಲು ತೆಗೆದ.

ಗುರುಗಳು ಕತೆ ಮುಗಿಸಿ ಲೋಟ ಕೆಳಗಿಟ್ಟರು. ಹೊರಗೆ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹಾಲಸ್ವಾಮಿ ಮತ್ತೆ ತಲೆಯಾಡಿಸತೊಡಗಿದ್ದ. ಈ ಸಲ ಸ್ವಲ್ಪ ನಿಧಾನವಾಗಿ.

ತಿಪ್ಪೇಶ ಎದ್ದು ಚೀಲಕ್ಕೆ ಕೈ ಹಾಕಿದ. ಎತ್ತಲೂ ಇಲ್ಲ, ಬಿಡಲೂ ಇಲ್ಲ.

"ಕತೆ ಚೆನ್ನಾಗಿದೆ ಗುರುಗಳೇ. ಹಳೆಯ ಗಾಡಿ ಆರಿಸುವುದು ಹೇಗೆ ಅಂತ ತಿಳಿಯಿತು. ನಾನು ಕೇಳಿದ್ದು ಗುರುವನ್ನು ಆರಿಸುವುದು ಹೇಗೆ ಅಂತ."

ಬಸ್ಸು ಮಠದ ಮುಂದೆ ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದ. ಗುರುಗಳು ತಿಪ್ಪೇಶನನ್ನೇ ನೋಡಿದರು. ಬೆಂಕಿ ಬಿದ್ದ ದಿನದಷ್ಟೇ ಮೆಲ್ಲಗೆ ಕೇಳಿದರು:

"ಎರಡೂ ಮಠದ ಹಾಲಿಗೆ ಉಪ್ಪು ಹಾಕಿ ನೋಡಿದೆಯಲ್ಲ ತಿಪ್ಪೇಶ, ನಿನ್ನ ನಿಂಬೆಹಣ್ಣು ಎಲ್ಲಿ ನಿಂತಿತು?"